ಘಟ್ಟದ ಮೇಲಿನ ಗಾಡಿ, ಘಟ್ಟದ ಕೆಳಗಿನ ಗಾಡಿ

2025ರ ಮಳೆಗಾಲದ ಕೊನೆಗೆ ದೇವಿಮನೆ ಘಟ್ಟದ ಹತ್ತಿರ ನಮ್ಮ ವ್ಯಾಗನ್ ಆರ್ ಕಾರು ಧರೆಗೆ, ಅಂದರೆ ರಸ್ತೆ ಬದಿಯ ಕಡಿದ ಗುಡ್ಡಕ್ಕೆ, ಗುದ್ದಿದ ಸುದ್ದಿ ತಿಳಿದವರೆಲ್ಲ ಮೊದಲು "ಯಾರಿಗೂ ಏನೂ ಆಗಲಿಲ್ಲವಷ್ಟೇ?" ಎಂದು ಕೇಳಿದರು. ಆಗಲಿಲ್ಲ ಎಂದು ಗೊತ್ತಾದ ಕೂಡಲೇ ಎರಡನೆಯ ಪ್ರಶ್ನೆ ಬರುತ್ತಿತ್ತು: "ಇನ್ನು ಅದನ್ನು ರಿಪೇರಿ ಮಾಡಿಸುತ್ತೀರೋ, ತೆಗೆದುಹಾಕುತ್ತೀರೋ?" ಹೆಚ್ಚಿನವರು ನನ್ನ ಉತ್ತರಕ್ಕೆ ಕಾಯದೆ ತಾವೇ ತೀರ್ಮಾನ ಹೇಳಿಬಿಡುತ್ತಿದ್ದರು. ಹದಿನಾಲ್ಕು ವರ್ಷದ ಗಾಡಿ, ಪೇಟೆಯಲ್ಲಿ ಅದಕ್ಕೆ ಒಂದು ಲಕ್ಷ ಸಿಕ್ಕರೆ ಹೆಚ್ಚು, ಅದಕ್ಕೆ ಮತ್ತೆ ಒಂದು ಲಕ್ಷ ಸುರಿಯುವುದು ಬುದ್ಧಿವಂತರ ಕೆಲಸವಲ್ಲ ಎಂಬುದು ಅವರ ಲೆಕ್ಕ. ಈ ಲೆಕ್ಕ ಎಲ್ಲಿ ತಪ್ಪುತ್ತದೆ, ಎಲ್ಲಿ ಸರಿಯಾಗುತ್ತದೆ ಎಂಬುದನ್ನು ಎರಡು ತಿಂಗಳು ಗ್ಯಾರೇಜು, ಇನ್ಶೂರೆನ್ಸ್ ಎಂದು ಓಡಾಡಿದ ಮೇಲೆ ಬರೆಯುತ್ತಿದ್ದೇನೆ.

ಅಪಘಾತದ ಬಗ್ಗೆ ಹೇಳುವುದು ಹೆಚ್ಚಿಲ್ಲ. ಕುಮಟಾದಿಂದ ಶಿರಸಿಗೆ ಮರಳುವಾಗ ತಿರುವಿನಲ್ಲಿ ಎದುರಿನಿಂದ ಬಂದ ಲಾರಿಗೆ ಜಾಗ ಬಿಡಲು ಎಡಕ್ಕೆ ಎಳೆದೆ. ಒದ್ದೆ ಎಲೆಯ ಮೇಲೆ ಚಕ್ರ ಜಾರಿ ಗಾಡಿಯ ಎಡ ಮೂಲೆ ಧರೆಗೆ ಬಡಿಯಿತು. ಬಂಪರ್, ಎಡಗಡೆಯ ಹೆಡ್‌ಲೈಟ್, ಫೆಂಡರ್, ಬಾನೆಟ್, ರೇಡಿಯೇಟರ್, ಏಸಿಯ ಕಂಡೆನ್ಸರ್ ಹಾಳಾದವು, ಮುಂದಿನ ಗಾಜು ಸೀಳಿತು. ಗಾಡಿ 2011ರ ಮಾರ್ಚ್‌ನಲ್ಲಿ ನೋಂದಣಿಯಾದದ್ದು. ಅಲ್ಲಿಯವರೆಗೆ ಅಡಿಕೆ ಮೂಟೆ, ಹಲಸಿನಹಣ್ಣು, ಬಾಳೆಗೊನೆ, ಮದುವೆ ಮನೆಯ ಪಾತ್ರೆ ಎಲ್ಲವನ್ನೂ ಹೊತ್ತುಕೊಂಡು 1,14,000 ಕಿಲೋಮೀಟರ್ ಓಡಿತ್ತು.

ಪೇಟೆಯ ಬೆಲೆಯ ವಾದದ ಮುಖ್ಯ ದೋಷವೆಂದರೆ, ಆ ಬೆಲೆ ನಾನು ಮಾರುವಾಗ ಸಿಗುವ ಬೆಲೆ. ನನಗೆ ಬೇಕಾದದ್ದು ಅಂಥದೇ ಗಾಡಿಯನ್ನು ಮತ್ತೆ ಪಡೆಯಲು ಬೀಳುವ ಬೆಲೆ. ನನ್ನ ಗಾಡಿಯ ಕ್ಲಚ್ ಪ್ಲೇಟ್ ಯಾವಾಗ ಬದಲಾಯಿತು, ಆಯಿಲ್ ಯಾವ ತಿಂಗಳು ಹಾಕಿಸಿದ್ದು, ಯಾವ ಬಾಗಿಲಿನ ರಬ್ಬರ್ ಸೋರುತ್ತದೆ ಎಂಬುದೆಲ್ಲ ನನಗೆ ಗೊತ್ತಿದೆ. ಎರಡೂವರೆ ಲಕ್ಷ ಕೊಟ್ಟು ಹುಬ್ಬಳ್ಳಿಯಿಂದಲೋ ಬೆಂಗಳೂರಿನಿಂದಲೋ ತರುವ ಹಳೆಯ ಗಾಡಿಯ ವಿಷಯದಲ್ಲಿ ಇದ್ಯಾವುದೂ ಗೊತ್ತಿರುವುದಿಲ್ಲ. ನನ್ನಂಥವರು "ಯಾಕೆ ತಲೆಬಿಸಿ" ಎಂದು ಮಾರಿದ ಗುದ್ದಿದ ಗಾಡಿಗಳೇ ಬಣ್ಣ ಬಳಿದುಕೊಂಡು ಇನ್ನೊಬ್ಬರ ಅಂಗಳಕ್ಕೆ ಬರುತ್ತವೆ ಎಂಬುದನ್ನೂ ಮರೆಯಬಾರದು.

ಇನ್ನು ಇನ್ಶೂರೆನ್ಸ್. ಹಳೆಯ ಗಾಡಿಗೆ ಎದುರಿನವರ ಹಾನಿಯನ್ನಷ್ಟೇ ಭರಿಸುವ ಥರ್ಡ್ ಪಾರ್ಟಿ ಸಾಕು ಎನ್ನುವವರ ಮಾತು ಕೇಳದೆ ನಾನು ಪ್ರತಿವರ್ಷ ಪೂರ್ತಿ ಇನ್ಶೂರೆನ್ಸ್ ಕಟ್ಟುತ್ತ ಬಂದಿದ್ದೆ. ಐದು ವರ್ಷ ದಾಟಿದ ಗಾಡಿಯ ಘೋಷಿತ ಮೌಲ್ಯವನ್ನು, ಅಂದರೆ ಐಡಿವಿಯನ್ನು, ಕಂಪನಿಯೂ ನಾವೂ ಒಪ್ಪಿ ನಿಗದಿ ಮಾಡಿಕೊಳ್ಳಬೇಕು. ನಮ್ಮದು 1,20,000 ರೂಪಾಯಿ ಇತ್ತು. ಪಾಲಿಸಿಯ ಷರತ್ತಿನ ಪ್ರಕಾರ ಲೆಕ್ಕ ಹಾಕಿದ ರಿಪೇರಿ ಖರ್ಚು ಈ ಮೌಲ್ಯದ ಶೇಕಡಾ 75ನ್ನು ಮೀರಿದರೆ ಗಾಡಿಯನ್ನು ಟೋಟಲ್ ಲಾಸ್, ಅಂದರೆ ಪೂರ್ತಿ ನಷ್ಟ, ಎಂದು ಪರಿಗಣಿಸುತ್ತಾರೆ. ಕಾರು ಕಂಪನಿಯ ಸರ್ವಿಸ್ ಸ್ಟೇಷನ್ನಿನವರು ಕೊಟ್ಟ ಎಸ್ಟಿಮೇಟ್ 96,000 ರೂಪಾಯಿ. ಅದರಲ್ಲಿ ಲೋಹ ಮತ್ತು ಪ್ಲಾಸ್ಟಿಕ್ ಬಿಡಿಭಾಗ 62,000, ಗಾಜು 5,000, ಕೂಲಿ 17,000, ಬಣ್ಣ 12,000. ಹತ್ತು ವರ್ಷ ಮೀರಿದ ಗಾಡಿಯ ಲೋಹದ ಭಾಗಗಳಿಗೆ ಅರ್ಧ ಸವಕಳಿ, ಅಂದರೆ ಹಳತಾದದ್ದಕ್ಕೆ ಬೆಲೆಯ ಅರ್ಧ, ಕಳೆಯುತ್ತಾರೆ. ಪ್ಲಾಸ್ಟಿಕ್ ಮತ್ತು ರಬ್ಬರಿಗೆ ಗಾಡಿ ಎಷ್ಟೇ ಹೊಸತಾಗಿರಲಿ ಅರ್ಧವೇ. ಗಾಜಿಗೆ ಮತ್ತು ಕೂಲಿಗೆ ಸವಕಳಿ ಇಲ್ಲ. ಬಣ್ಣದಲ್ಲಿ ಸಾಮಗ್ರಿಯ ಪಾಲಿಗೆ ಮಾತ್ರ ಅರ್ಧ ಹೋಗುತ್ತದೆ. ಇದಾದ ಮೇಲೆ ಕಡ್ಡಾಯವಾಗಿ ನಾವೇ ಭರಿಸಬೇಕಾದ ಸಾವಿರ ರೂಪಾಯಿ. ಒಟ್ಟಿನಲ್ಲಿ ಇನ್ಶೂರೆನ್ಸ್ ಕಂಪನಿಯ ಪಾಲು 62,500, ನನ್ನ ಪಾಲು 33,500 ಎಂದಾಯಿತು. ಟೋಟಲ್ ಲಾಸ್‌ನ ಗಡಿ 90,000 ರೂಪಾಯಿ; ಅದಕ್ಕೆ ಹೋಲಿಸುವುದು 96,000ದ ಎಸ್ಟಿಮೇಟನ್ನಲ್ಲ, ಹೀಗೆ ಕಳೆದು ಉಳಿದ ಮೊತ್ತವನ್ನು, ಆದ್ದರಿಂದ ಆ ಪ್ರಶ್ನೆ ಏಳಲೇ ಇಲ್ಲ.

ಕ್ಲೇಮ್ ಮಾಡಿದರೆ ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮ್ ಮಾಡದ ವರ್ಷಗಳಿಗೆ ಸಿಗುವ ರಿಯಾಯಿತಿ, ಹೋಗುತ್ತದೆ ಎಂದು ಹೆದರಿಸಿದವರೂ ಇದ್ದರು. ಅದು ಹೋಗುವುದು ನಿಜವೇ. ಆದರೆ ಆ ರಿಯಾಯಿತಿ ನಮ್ಮ ಗಾಡಿಯ ಹಾನಿಗೆ ಕಟ್ಟುವ ಭಾಗಕ್ಕೆ ಮಾತ್ರ, ಥರ್ಡ್ ಪಾರ್ಟಿಯ ಭಾಗಕ್ಕೆ ಅಲ್ಲ. ನನ್ನಂಥ ಹಳೆಯ ಗಾಡಿಯಲ್ಲಿ ಸ್ವಂತ ಹಾನಿಯ ಆ ಭಾಗವೇ ಸುಮಾರು ನಾಲ್ಕು ಸಾವಿರವಾದ್ದರಿಂದ ಐವತ್ತು ಪರ್ಸೆಂಟ್ ಬೋನಸ್ ಕಳೆದುಕೊಂಡರೂ ನಷ್ಟ ಮುಂದಿನ ವರ್ಷಕ್ಕೆ ಎರಡು ಸಾವಿರದ ಆಸುಪಾಸು. ಎರಡು ಸಾವಿರ ಉಳಿಸಲು ಅರವತ್ತು ಸಾವಿರ ಬಿಟ್ಟುಕೊಡುವುದು ಯಾವ ಲೆಕ್ಕ ಎಂದು ನನಗೆ ಈಗಲೂ ಅರ್ಥವಾಗಿಲ್ಲ.

ಆದರೂ ದುಡ್ಡಿನ ಲೆಕ್ಕಕ್ಕೆ ಮೊದಲು ಆಗಬೇಕಾದ ಕೆಲಸ ಬೇರೆಯೇ ಇತ್ತು. ಬಂಪರು, ಬಾನೆಟ್ಟುಗಳು ಗಾಡಿ ತೊಟ್ಟ ಅಂಗಿಯ ಹಾಗೆ; ಹರಿದರೆ ಬೇರೆ ಹಾಕಬಹುದು. ಈ ಬಗೆಯ ಕಾರುಗಳಿಗೆ ಲಾರಿಯ ಹಾಗೆ ಬೇರೆ ಚಾಸಿ, ಅಂದರೆ ಕೆಳಗಿನ ಚೌಕಟ್ಟು, ಇರುವುದಿಲ್ಲ, ಬಾಡಿಯೇ ಚಾಸಿ. ಎಂಜಿನ್ನಿನ ಎರಡೂ ಬದಿಯಲ್ಲಿ ಮುಂದಕ್ಕೆ ಚಾಚಿದ ಲಾಂಗ್ ಮೆಂಬರುಗಳು ಗುದ್ದಿದಾಗ ತಾವು ಮಡಚಿಕೊಂಡು ಪೆಟ್ಟನ್ನು ತಿನ್ನುವಂತೆ ಮಾಡಲ್ಪಟ್ಟಿರುತ್ತವೆ. ಒಮ್ಮೆ ಮಡಚಿದ್ದನ್ನು ಬಡಿದು, ಎಳೆದು ನೆಟ್ಟಗೆ ಮಾಡಿದರೆ ನೋಡಲು ಸರಿಯಾಗಿಯೇ ಕಂಡರೂ ಮುಂದಿನ ಸಲ ಅದು ಮೊದಲಿನಂತೆ ಮಡಚಿಕೊಳ್ಳುವುದಿಲ್ಲ. ಆದ್ದರಿಂದ ಪೆಟ್ಟು ಎಷ್ಟು ಜೋರು ಎನ್ನುವುದಕ್ಕಿಂತ ಅದು ಎಲ್ಲಿಯವರೆಗೆ ಮುಟ್ಟಿದೆ ಎಂಬುದು ಮುಖ್ಯ, ಮತ್ತು ಅದು ಬಂಪರ್ ಬಿಚ್ಚದೆ ತಿಳಿಯುವುದಿಲ್ಲ. ಫೋಟೋ ನೋಡಿ ಅಭಿಪ್ರಾಯ ಕೊಟ್ಟ ನನ್ನ ಸ್ನೇಹಿತರು ಬೇಸರಿಸಬಾರದು.

ಶಿರಸಿಯಲ್ಲಿ ನನಗೆ ಬಹಳ ವರ್ಷದಿಂದ ಪರಿಚಯವಿರುವ ಟಿಂಕರಿಂಗ್ ಮೇಸ್ತ್ರಿ ಒಂದು ಬೆಳಿಗ್ಗೆಯಿಡೀ ಎದುರಿನ ಭಾಗವನ್ನು ಬಿಚ್ಚಿ ಹರಡಿ, ಎರಡೂ ಬದಿಯ ಬೋಲ್ಟಿನ ತೂತುಗಳ ನಡುವೆ ಮೂಲೆಯಿಂದ ಮೂಲೆಗೆ ಟೇಪು ಹಿಡಿದು ಅಳೆದರು. ಎರಡು ಕರ್ಣಗಳ ನಡುವಿನ ವ್ಯತ್ಯಾಸ 3 ಮಿಲಿಮೀಟರ್ ಮಾತ್ರ ಬಂತು. ಮುಂದಿನ ಚಕ್ರದ ನಡುವಿನಿಂದ ಹಿಂದಿನ ಚಕ್ರದ ನಡುವಿಗೆ ಎಡಕ್ಕೂ ಬಲಕ್ಕೂ ಒಂದೇ ಅಳತೆ ಇತ್ತು. ಏಪ್ರನ್ನಿನ, ಅಂದರೆ ಎಂಜಿನ್ನಿನ ಬದಿಯ ಒಳ ತಗಡಿನ, ಜೋಡಣೆಯಲ್ಲಿ ಕಂಪನಿ ಹಚ್ಚಿದ ಸೀಲರ್ ಬಿರುಕು ಬಿಟ್ಟಿರಲಿಲ್ಲ, ನಾಲ್ಕೂ ಬಾಗಿಲು ಮೊದಲಿನ ಸದ್ದಿನಲ್ಲೇ ಮುಚ್ಚುತ್ತಿದ್ದವು. ರೇಡಿಯೇಟರನ್ನು ಹಿಡಿದುಕೊಳ್ಳುವ ಎದುರಿನ ಪಟ್ಟಿ ಮಾತ್ರ ಪೂರ್ತಿ ನಜ್ಜುಗುಜ್ಜಾಗಿತ್ತು. ಅವರು ಕೈ ಒರೆಸಿಕೊಳ್ಳುತ್ತ, "ಹೆಗಡೇರೆ, ಪೆಟ್ಟು ಬಿದ್ದದ್ದು ಮುಖಕ್ಕೆ. ಬೆನ್ನಿಗೆ ತಾಗಲಿಲ್ಲ. ನಿಮಗೆ ಬೇಡದಿದ್ದರೆ ನನಗೇ ಕೊಡಿ" ಎಂದರು. ಆ ಕೊನೆಯ ಮಾತು ಯಾವ ಎಸ್ಟಿಮೇಟಿಗಿಂತಲೂ ಹೆಚ್ಚು ಭರವಸೆ ಕೊಟ್ಟಿತು.

ಇಲ್ಲಿಗೆ ನಿಲ್ಲಿಸಿದ್ದರೆ ನಾನೂ "ಹಳೆಯ ಗಾಡಿಯನ್ನು ರಿಪೇರಿ ಮಾಡಿಸುವುದೇ ಸರಿ" ಎಂದು ಸಿಕ್ಕವರಿಗೆಲ್ಲ ಉಪದೇಶಿಸುತ್ತಿದ್ದೆ. ಆದರೆ ಅದೇ ಹೊತ್ತಿಗೆ ಕುಮಟಾದ ನನ್ನ ಭಾವನ ಗಾಡಿಯನ್ನು ಹೆದ್ದಾರಿಯ ಬದಿಯಲ್ಲಿ ಹಿಂದೆ ಸರಿಯುತ್ತಿದ್ದ ಲಾರಿಯೊಂದು ಗುದ್ದಿತು. ಅದೂ ವ್ಯಾಗನ್ ಆರ್, ನಮ್ಮದಕ್ಕಿಂತ ಒಂದು ವರ್ಷ ಹೊಸತು, ಮೂವತ್ತು ಸಾವಿರ ಕಿಲೋಮೀಟರ್ ಕಡಿಮೆ ಓಡಿದ್ದು. ಪೆಟ್ಟೂ ನಮ್ಮದರ ಅರ್ಧದಷ್ಟಿಲ್ಲ. ನನ್ನ ಅನುಭವದ ಧೈರ್ಯದ ಮೇಲೆ "ಭಾವ, ನಲವತ್ತು ಸಾವಿರದೊಳಗೆ ಮುಗಿಯುತ್ತದೆ" ಎಂದು ಫೋನಿನಲ್ಲಿ ಹೇಳಿಯೂಬಿಟ್ಟೆ. ಬಿಚ್ಚಿದ ಮೇಲೆ ಅಲ್ಲಿಯ ಮೇಸ್ತ್ರಿ ಏಪ್ರನ್ನಿನ ಕೆಳಬದಿಗೆ ಸ್ಕ್ರೂಡ್ರೈವರ್ ಒತ್ತಿದರೆ ಅದು ಹಪ್ಪಳ ಮುರಿದ ಹಾಗೆ ಒಳಗೆ ಹೋಯಿತು.

ಭಾವನ ಮನೆಯಿಂದ ಕಡಲು ಅರ್ಧ ಮೈಲಿಯೂ ಇಲ್ಲ. ಶಿರಸಿಯಲ್ಲಿ ಮಳೆ ಕಡಿಮೆಯೇನಲ್ಲ, ಆದರೆ ನಮ್ಮಲ್ಲಿ ಬೀಳುವುದು ಸಿಹಿನೀರು, ಬಿದ್ದು ಹರಿದು ಹೋಗುತ್ತದೆ. ಕರಾವಳಿಯಲ್ಲಿ ಗಾಳಿಯೊಂದಿಗೆ ಬರುವ ಉಪ್ಪು ತಗಡಿನ ಸಂದಿಯಲ್ಲಿ ಕೂತು, ಬೇಸಿಗೆಯಲ್ಲೂ ಗಾಳಿಯ ತೇವವನ್ನು ಹೀರಿಕೊಂಡು ಕಬ್ಬಿಣವನ್ನು ತಿನ್ನುತ್ತಲೇ ಇರುತ್ತದೆ. ಮೇಲಿನ ಬಣ್ಣ ಹೊಳೆಯುತ್ತಿದ್ದರೂ ಒಳಗೆ ಲಾಂಗ್ ಮೆಂಬರ್, ಬಾಗಿಲ ಕೆಳಗಿನ ರನ್ನಿಂಗ್ ಬೋರ್ಡ್, ಕಾಲಡಿಯ ತಗಡು ಟೊಳ್ಳಾಗಿರುತ್ತವೆ. ಅಂಥ ತಗಡಿಗೆ ವೆಲ್ಡಿಂಗ್ ಹಿಡಿಯುವುದಿಲ್ಲ, ಕಿಡಿ ತಾಗಿದಲ್ಲಿ ತೂತಾಗುತ್ತದೆ. ಒಂದು ತುಂಡು ಕತ್ತರಿಸಿ ಹೊಸತು ಹಾಕೋಣವೆಂದರೆ ಅದನ್ನು ಬೆಸೆಯಲು ಗಟ್ಟಿಯಾದ ಅಂಚು ಎಲ್ಲಿಂದ ಶುರುವಾಗುತ್ತದೆ ಎಂದು ಹುಡುಕುತ್ತ ಗಾಡಿಯ ಅರ್ಧಕ್ಕೆ ಹೋಗಬೇಕಾಗುತ್ತದೆ. ನನ್ನ ಮಾತನ್ನು ನಾನೇ ಹಿಂತೆಗೆದುಕೊಂಡು ಭಾವನಿಗೆ ಅದನ್ನು ಗುಜರಿಗೆ ಹಾಕುವಂತೆ ಹೇಳಿದೆ. ಕಡಲಿನ ಹತ್ತಿರದವರು ಯಾರಾದರೂ ನನ್ನ ಈ ಬರಹ ಓದಿ ಧೈರ್ಯ ತಂದುಕೊಳ್ಳುವ ಮೊದಲು ದಯವಿಟ್ಟು ಗಾಡಿಯನ್ನು ರ್‍ಯಾಂಪಿಗೆ ಏರಿಸಿ ಕೆಳಗಿನಿಂದ ನೋಡಿರಿ.

ಗುಜರಿಯವರಿಗೆ ಕೊಡುವಾಗ ಒಂದು ಎಚ್ಚರ. ಗಾಡಿ ಓಡಿಸಲಾಗದಂತೆ ನಾಶವಾದರೆ ಹದಿನಾಲ್ಕು ದಿನಗಳ ಒಳಗೆ ಆರ್‌ಟಿಒ ಕಚೇರಿಗೆ ತಿಳಿಸಬೇಕೆಂದು ಮೋಟಾರು ವಾಹನ ಕಾಯ್ದೆಯ 55ನೆಯ ಕಲಮು ಹೇಳುತ್ತದೆ. ನಮ್ಮ ಕಡೆ ಹೆಚ್ಚಿನವರು ದುಡ್ಡು ಎಣಿಸಿಕೊಂಡು ಆರ್‌ಸಿಯನ್ನು ಗಾಡಿಯ ಜೊತೆಗೇ ಕೊಟ್ಟು ಕೈತೊಳೆದುಕೊಳ್ಳುತ್ತಾರೆ; ಆ ಕಾಗದ ಮತ್ತು ಚಾಸಿ ನಂಬರು ಮುಂದೆ ಯಾವ ಕಳವಿನ ಗಾಡಿಗೆ ಅಂಟಿಕೊಂಡರೂ ಪೊಲೀಸರು ಬರುವುದು ಹೆಸರಿದ್ದವರ ಮನೆಗೆ.

ನಮ್ಮ ಗಾಡಿ ಗ್ಯಾರೇಜಿನಲ್ಲಿರುವಾಗಲೇ, 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಜಿಎಸ್‌ಟಿ ಶೇಕಡಾ 28ರಿಂದ 18ಕ್ಕೆ ಇಳಿಯಿತು. ಅದು ಬಿಡಿಭಾಗಗಳಿಗೂ ಇಳಿದದ್ದರಿಂದ ನನ್ನ ಬಿಲ್ಲಿಗೂ ಅಷ್ಟಿಷ್ಟು ಉಪಕಾರವಾಯಿತೆನ್ನಿ. ಹೊಸತು ತೆಗೆದುಕೊಳ್ಳಲು ಇದಕ್ಕಿಂತ ಒಳ್ಳೆಯ ಹೊತ್ತು ಬಾರದು ಎಂದವರಿಗೆ ನಾನು ಹೇಳಿದ್ದಿಷ್ಟೇ: ಇಳಿದ ಬೆಲೆಯ ಮೇಲೂ ರಸ್ತೆ ತೆರಿಗೆ, ಇನ್ಶೂರೆನ್ಸ್, ಸಾಲದ ಬಡ್ಡಿ ಸೇರಿಸಿದರೆ ತಿಂಗಳ ಕಂತು ನಮ್ಮ ತೋಟದ ಆದಾಯಕ್ಕೆ ಹೊರೆಯೇ.

ಇಷ್ಟೆಲ್ಲ ಲೆಕ್ಕಕ್ಕೆ ಸಿಗದ ಒಂದು ಮಾತನ್ನು ಹೇಳಿದವಳು ಬೆಂಗಳೂರಿನಲ್ಲಿರುವ ಮಗಳು. "ಅಪ್ಪಾ, ರಿಪೇರಿ ಮಾಡಿಸಿದರೆ ಅದಕ್ಕೆ ಏರ್‌ಬ್ಯಾಗ್ ಬರುತ್ತದೆಯೇ?" ಎಂದು ಕೇಳಿದಳು. ಬರುವುದಿಲ್ಲ. ಒತ್ತಿದಾಗ ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ಎಬಿಎಸ್ ಬ್ರೇಕೂ ಇಲ್ಲ. ಎಬಿಎಸ್ 2019ರಿಂದ ಹೊಸ ಕಾರುಗಳಿಗೆಲ್ಲ ಕಡ್ಡಾಯ, ಎದುರಿನ ಎರಡು ಏರ್‌ಬ್ಯಾಗ್ 2021ರ ಕೊನೆಯಿಂದ. ಅಂದು ಒದ್ದೆ ಎಲೆಯ ಮೇಲೆ ಚಕ್ರ ಕಚ್ಚಿಕೊಂಡಾಗ ಸ್ಟೇರಿಂಗ್ ಕೈಗೆ ಸಿಗದೆ ಹೋದ ಕ್ಷಣ ನನಗೆ ಚೆನ್ನಾಗಿ ನೆನಪಿದೆ, ಆದ್ದರಿಂದ ಅವಳ ಮಾತನ್ನು ತಳ್ಳಿಹಾಕುವ ಯಾವ ಹಕ್ಕೂ ನನಗಿರಲಿಲ್ಲ. ದಿನವೂ ಹೆದ್ದಾರಿಯಲ್ಲಿ ಹುಬ್ಬಳ್ಳಿಗೋ ಮಂಗಳೂರಿಗೋ ಓಡಾಡುವವನಾಗಿದ್ದರೆ ಈ ಒಂದೇ ಕಾರಣಕ್ಕೆ ಹಳೆಯದನ್ನು ಬಿಡುತ್ತಿದ್ದೆ. ನಮ್ಮದು ಮನೆಯಿಂದ ಶಿರಸಿ ಪೇಟೆಗೆ ಹದಿನಾರು ಕಿಲೋಮೀಟರ್, ನಲವತ್ತರ ವೇಗ. ಘಟ್ಟ ಇಳಿಯುವುದಿದ್ದರೆ ಮಳೆಗಾಲದ ನಾಲ್ಕು ತಿಂಗಳು ಬಸ್ಸಿನಲ್ಲೇ ಹೋಗುವುದೆಂದು ಅವಳಿಗೆ ಮಾತು ಕೊಟ್ಟಿದ್ದೇನೆ; ಅವಳಿಗೆ ಇದು ಪೂರ್ತಿ ಒಪ್ಪಿಗೆಯಾಗಿಲ್ಲ ಎಂಬುದನ್ನೂ ಇಲ್ಲಿ ಹೇಳಿಬಿಡುತ್ತೇನೆ.

ಕೊನೆಗೆ ಹಾನಿ ಅಂದಾಜು ಮಾಡುವ ಇನ್ಶೂರೆನ್ಸ್ ಸರ್ವೇಯರ್ ಒಪ್ಪಿದ ಮೇಲೆ ನಮ್ಮ ಮೇಸ್ತ್ರಿಯ ಗ್ಯಾರೇಜಿನಲ್ಲೇ ಜಿಎಸ್‌ಟಿ ಬಿಲ್ಲಿನ ಮೇಲೆ ಕೆಲಸ ಮಾಡಿಸಿದೆ. ಬಿಲ್ಲು 78,000 ಆಯಿತು, ಕೈಯಿಂದ ಹೋದದ್ದು 27,000. ಎದುರಿನ ಎರಡು ಸೀಟ್ ಬೆಲ್ಟ್‌ಗಳನ್ನು ನೋಡಲು ಚೆನ್ನಾಗಿದ್ದರೂ ಹಟ ಹಿಡಿದು ಹೊಸತು ಹಾಕಿಸಿದೆ, ಏಕೆಂದರೆ ಗುದ್ದಿದಾಗ ನಮ್ಮಿಬ್ಬರ ಭಾರವನ್ನು ತಡೆದು ಹಿಡಿದದ್ದು ಅವೇ. 2026ರ ಮಾರ್ಚ್‌ಗೆ ಹದಿನೈದು ವರ್ಷ ತುಂಬುವುದರಿಂದ ಆರ್‌ಸಿ ನವೀಕರಣದ ಶುಲ್ಕ 5,000 ಸೇರಿಸಿ, ಕನಿಷ್ಠ ಮೂರು ವರ್ಷ ಓಡಿಸಿದರೂ ತಿಂಗಳಿಗೆ 900 ರೂಪಾಯಿಯೊಳಗೆ ಬೀಳುತ್ತದೆ. ಗಾಡಿ ದೀಪಾವಳಿಯ ಹೊತ್ತಿಗೆ ಮನೆಗೆ ಬಂತು. ಸ್ಟೇರಿಂಗ್ ಸಡಿಲ ಬಿಟ್ಟರೆ ಎಡಕ್ಕೆ ಒಂದಿಷ್ಟು ಎಳೆಯುತ್ತಿತ್ತು. ಎರಡು ಸಲ ಅಲೈನ್‌ಮೆಂಟ್ ಮಾಡಿಸಿದ ಮೇಲೆ ಈಗ ನೆಟ್ಟಗೆ ಹೋಗುತ್ತಿದೆ. ಎಡಗಡೆಯ ಹೆಡ್‌ಲೈಟಿನ ಬೆಳಕು ಮಾತ್ರ ಇನ್ನೂ ಸ್ವಲ್ಪ ಮೇಲಕ್ಕಿದೆ, ನವೀಕರಣದ ತಪಾಸಣೆಗೆ ಮೊದಲು ಅದನ್ನು ಸರಿಪಡಿಸಿಕೊಡುತ್ತೇನೆಂದು ಮೇಸ್ತ್ರಿ ಹೇಳಿದ್ದಾರೆ.