ದುರ್ಗದ ಬಾಗ್ಲಲ್ಲಿ ಕಂಬಳಿ ವ್ಯಾಪಾರ

ಚೌಕಾಸಿ ಮಾಡೋರ ಕೈಲಿರೋ ದೊಡ್ಡ ಅಸ್ತ್ರ ಅಂದ್ರೆ "ಬೇಡ ಬಿಡಪ್ಪ" ಅಂತ ನಾಲ್ಕ್ ಹೆಜ್ಜೆ ಮುಂದೆ ಹೋಗ್ಬಿಡೋದು. ಬೇರೆ ಊರಲ್ಲಾದ್ರೆ ಐದನೇ ಹೆಜ್ಜೆ ಇಡೋದ್ರೊಳ್ಗೆ ಹಿಂದಿಂದ "ಬರ್ರಿ ಬರ್ರಿ, ಲಾಸ್ಟ್ ಎಷ್ಟ್ ಕೊಡ್ತೀರ ಹೇಳ್ರಿ" ಅಂತ ಕೂಗು ಬಂದೇ ಬರುತ್ತೆ. ಚಿತ್ರದುರ್ಗದ ಕೋಟೆ ಮುಂದೆ ಮಾತ್ರ ಈ ಆಟ ನಡಿಯಲ್ಲ. ಯಾಕಂದ್ರೆ ಹತ್ತೋದೂ ಅದೇ ಬಾಗ್ಲು ಇಳಿಯೋದೂ ಅದೇ ಬಾಗ್ಲು, ವ್ಯಾಪಾರದೋನಿಗೆ ಅದು ಚೆನ್ನಾಗ್ ಗೊತ್ತು, "ಹೋಗ್ ಬರ್ರಿ ಅಮ್ಮಾರೆ, ನಾನೆಲ್ ಹೋಗ್ತೀನಿ" ಅಂತ ನಗ್ತಾ ಕೂತಿರ್ತಾನೆ. ಹೈದರಾಲಿ ಸೈನಿಕರಿಗಾದ್ರೂ ನುಗ್ಗೋಕೆ ಒಂದ್ ಕಿಂಡಿ ಸಿಕ್ಕಿತ್ತು (ಆಚೆ ಓಬವ್ವ ಒನಕೆ ಹಿಡ್ಕೊಂಡ್ ನಿಂತಿದ್ಲು ಅನ್ನೋದು ಬೇರೆ ವಿಷ್ಯ), ನಮಗೆ ತಪ್ಪಿಸ್ಕೊಂಡ್ ಹೋಗೋಕೆ ಅದೂ ಇಲ್ಲ.

ದಾವಣಗೆರೆಯಿಂದ ನಮ್ ದೊಡ್ಡಮ್ಮ, ಬೆಂಗಳೂರಿಂದ ಬಂದಿದ್ದ ಅವರ ಅಳಿಯ, ನಾನು, ಎಲ್ಲಾ ಒಂದೇ ಕಾರಲ್ಲಿ ಹೋಗಿದ್ವಿ. ದೊಡ್ಡಮ್ಮ ಟಿಕೆಟ್ ಕೌಂಟರಲ್ಲೇ ಶುರು ಹಚ್ಕೊಂಡ್ರು, 25 ರೂಪಾಯಿ ಜಾಸ್ತಿ ಆಯ್ತಂತೆ. ಭಾವ ನಾಚ್ಕೊಂಡು ಫೋನಲ್ಲಿ ಬುಕ್ ಮಾಡೋಕ್ ಹೋದ್ರೆ 20 ಅಂತ ತೋರಿಸ್ತು. ಮುಗೀತು. "ನೋಡಿದ್ರಾ, ಸರ್ಕಾರದೋರೇ 5 ರೂಪಾಯಿ ಬಿಟ್ರು!"

ಆ ಹುಮ್ಮಸ್ಸಲ್ಲೇ ಬಾಗ್ಲ ಪಕ್ಕ ಕಂಬಳಿ ಹರವಿಕೊಂಡ್ ಕೂತಿದ್ದೋನ ಹತ್ರ ಹೋದ್ರು. ಚಳ್ಳಕೆರೆ ಕಡೆ ಮಾಲು, ಕೈಮಗ್ಗದ್ದು, 1800 ಅಂದ. ಇವ್ರು 700 ಅಂದ್ರು. ಅವ್ನು "ಬೋಣಿ ಟೈಮು ತಾಯಿ, ಹಂಗನ್ಬೇಡ್ರಿ" ಅಂದ. ಮಧ್ಯಾಹ್ನ ಮೂರೂವರೆಗೆ ಎಂಥಾ ಬೋಣಿನೋ ದೇವ್ರಿಗೇ ಗೊತ್ತು. ದೊಡ್ಡಮ್ಮ ನಾಲ್ಕ್ ಹೆಜ್ಜೆ ಇಟ್ರು, ಕೂಗು ಬರ್ಲಿಲ್ಲ, ಹಂಗೇ ಕೋಟೆ ಹತ್ತಬೇಕಾಯ್ತು. ಏಳು ಸುತ್ತಿನ ಕೋಟೆ ಪೂರ್ತಿ ಅವರ ತಲೇಲಿ ಕಂಬಳಿನೇ. ಗೋಪಾಲಸ್ವಾಮಿ ಹೊಂಡದ ಹತ್ರ ಭಾವ ಫೋಟೋಗೆ ನಗ್ರಿ ಅತ್ತೆ ಅಂದ್ರೆ "900ಕ್ಕೆ ಬರ್ತಾನೇನ್ರಿ?" ಅಂತಾರೆ.

ಇಳಿದ್ ಬಂದಾಗ ಎಲ್ರಿಗೂ ಕಾಲು ನಡುಗ್ತಿತ್ತು, ಅವ್ನು ಸ್ಟೂಲ್ ಬೇರೆ ಹಾಕ್ಕೊಟ್ಟ. ಕೂತ ಮೇಲೆ ಎದ್ದು ಹೋಗೋ ಮಾತೆಲ್ಲಿ. ದೊಡ್ಡಮ್ಮ ಪರೀಕ್ಷೆಗಿಳಿದ್ರು. ಮೊದ್ಲು ಬೆರಳು ಒದ್ದೆ ಮಾಡಿ ಉಜ್ಜಿದ್ರು, ಬಣ್ಣ ಬಿಡ್ಲಿಲ್ಲ, ಕರಿ ಕುರಿ ಉಣ್ಣೆನೇ. ಮೂಸಿದ್ರು, ಹುಣಸೆ ಬೀಜದ ಗಂಜಿ ವಾಸ್ನೆ, ಆ ಗಂಜಿಗೇ ಹೊಸ ಕಂಬಳಿ ತಗಡಿನ ಹಂಗೆ ಸೆಟಕೊಂಡಿರುತ್ತೆ. ಆಮೇಲೆ ಅಂಚಲ್ಲಿ ಒಂದೆಳೆ ಕಿತ್ತು, ಪಕ್ಕದ ಟೀ ಅಂಗಡಿಯಿಂದ ಬೆಂಕಿಪೊಟ್ಣ ತರಿಸಿ, ಕಡ್ಡಿ ಗೀರಿ ಸುಟ್ಟೇಬಿಟ್ರು! ನೈಲಾನ್ ಮಿಕ್ಸ್ ಆಗಿದ್ರೆ ಕರಗಿ ತುದೀಲಿ ಮಣಿ ಹಂಗೆ ಗಟ್ಟಿ ಗಂಟು ಕಟ್ಟುತ್ತೆ, ಉಣ್ಣೆ ಆದ್ರೆ ಕೂದ್ಲು ಸುಟ್ಟ ವಾಸ್ನೆ ಬಂದು ಬೆರಳಲ್ಲಿ ಒತ್ತಿದ್ರೆ ಬೂದಿ. ಬೂದಿನೇ ಆಯ್ತು. ಈಗ ಮಾಲು ಸರಿಯಿಲ್ಲ ಅನ್ನೋ ದಾರಿನೂ ಬಂದ್ ಆಯ್ತಲ್ಲ, ಅವ್ನಿಗೋ ಖುಷಿಯೋ ಖುಷಿ.

ಆದ್ರೂ ಎಳೆದಾಡಿ ಎಳೆದಾಡಿ 1100ರ ಹತ್ರ ಬಂದಿದ್ರು ಪುಣ್ಯಾತ್ಗಿತ್ತಿ. ಆಗ ನಮ್ ಭಾವ ಬಾಯ್ಬಿಟ್ರು. "ಪಾಪ ಹ್ಯಾಂಡ್‌ಮೇಡ್ ಅಲ್ವಾ ಅತ್ತೆ, ಬೆಂಗಳೂರಲ್ಲಿ ಇದಕ್ಕೆ 3000 ಹೇಳ್ತಾರೆ."

"ಸಾರ್‌ಗೆ ಗೊತ್ತಾಗುತ್ತೆ ನೋಡ್ರಿ!" ಅಂದ ಅವ್ನು ಆಮೇಲೆ ದೊಡ್ಡಮ್ಮನ ಕಡೆ ತಿರುಗಿನೂ ನೋಡ್ಲಿಲ್ಲ, ಎಲ್ಲಾ ಮಾತು ಸಾರ್ ಜೊತೆನೇ. ಅಳಿಯಂಗೆ ಬೈಯೋ ಹಂಗಿಲ್ಲ, ಬೈದೆ ಇರೋಕಾಗಲ್ಲ, ದೊಡ್ಡಮ್ಮನ ಮುಖ ನೋಡ್ಬೇಕಿತ್ತು ನೀವು. 1450ಕ್ಕೆ ವ್ಯಾಪಾರ ಮುಗೀತು. ಕವರ್‌ಗೆ 10 ರೂಪಾಯಿ ಬೇರೆ ಅಂದಾಗ ಮಾತ್ರ "ಕವರ್ ಬ್ಯಾಡ, ಅಳಿಯಂದ್ರು ಹೆಗಲ ಮೇಲೆ ಹಾಕ್ಕೋತಾರೆ" ಅಂದ್ರು, ತಣ್ಣಗೆ.

ಜೀನ್ಸು, ಕೂಲಿಂಗ್ ಗ್ಲಾಸು, ಹೆಗಲ ಮೇಲೆ ಸೆಟಕೊಂಡ್ ನಿಂತಿರೋ ಕರಿ ಕಂಬಳಿ. ಪಾರ್ಕಿಂಗ್ ಹತ್ರ ಹೋಗೋದ್ರೊಳ್ಗೆ ಟಿಟಿ ಗಾಡೀಲಿ ಬಂದಿದ್ದ ಯಾರೋ ಹೆಂಗಸರು ಭಾವನ್ನ ತಡೆದು "ಎಷ್ಟಣ್ಣ ಕಂಬಳಿ?" ಅಂತ ಕೇಳಿದ್ರು. ಭಾವ ತಬ್ಬಿಬ್ಬಾಗಿ ನಿಂತ್ರೆ ಹಿಂದಿಂದ ದೊಡ್ಡಮ್ಮ ಕೂಗಿದ್ರು.

"2000 ಕಣಮ್ಮ! ಬೋಣಿ ಟೈಮು, 1900 ಕೊಡು!"