ಡಿಸ್ನಿಗೂ ಜಾತ್ರೆಯ ಲೆಕ್ಕವೇ ಸರಿ

ಕಲಬುರಗಿಯಲ್ಲಿ ಶರಣಬಸವೇಶ್ವರ ಜಾತ್ರೆಗೆ ಹೋದವರು ಬರಿಗೈಲಿ ಮನೆಗೆ ಬರುವುದಿಲ್ಲ. ಅಕ್ಕನ ಮಕ್ಕಳಿಗೆ ಬಳೆ, ಪಕ್ಕದ ಮನೆಗೆ ಒಂದು ಪೊಟ್ಟಣ ಬೆಂಡು-ಬತ್ತಾಸು, ತೇರಿಗೆ ಎಸೆದ ಉತ್ತತ್ತಿ ಸಿಕ್ಕರೆ ಅದು ದೇವರ ಮುಂದೆ. ಎಲ್ಲರಿಗೂ ಸ್ವಲ್ಪ ಸ್ವಲ್ಪ, ಜೇಬಿಗೂ ಭಾರವಿಲ್ಲ. ಅದೇ ಮನೆಯವರು ಮಗನನ್ನೋ ಮಗಳನ್ನೋ ನೋಡಲು ಅಮೆರಿಕಕ್ಕೆ ಬಂದು ಒರ್ಲ್ಯಾಂಡೊದ ಡಿಸ್ನಿ ವರ್ಲ್ಡ್‌ಗೆ ಹೋದಾಗ ಈ ಲೆಕ್ಕ ಮರೆಯುತ್ತಾರೆ. ರಾತ್ರಿ ಪಟಾಕಿ ಮುಗಿದ ಮೇಲೆ ಬಾಗಿಲ ಬಳಿಯ ಅಂಗಡಿಯಲ್ಲಿ ನೂಕುನುಗ್ಗಲು, ನಿದ್ದೆಗಣ್ಣಿನ ಮಕ್ಕಳು, ಕೈಗೆ ಸಿಕ್ಕ ಟೀ ಶರ್ಟ್. ಊರಲ್ಲಿ ಕಾಯುವ ಹತ್ತು ಮಕ್ಕಳಿಗೆ ಹತ್ತು ಟೀ ಶರ್ಟ್ ಎಂದರೆ ಒಬ್ಬರ ಟಿಕೆಟ್ಟಿಗಿಂತ ಹೆಚ್ಚು ಖರ್ಚು. ಇದು ಬೇಕಿಲ್ಲ.

ಪುಕ್ಕಟೆ ಸಿಗುವುದೇ ಸಾಕಷ್ಟಿದೆ, ಆದರೆ ಕೇಳಬೇಕು. ಡಿಸ್ನಿ ವರ್ಲ್ಡ್‌ನ ಪಾರ್ಕುಗಳಲ್ಲೊಂದಾದ ಮ್ಯಾಜಿಕ್ ಕಿಂಗ್‌ಡಮ್ ಒಳಗೆ ಹೋದ ಕೂಡಲೇ ಎಡಕ್ಕೆ ಸಿಟಿ ಹಾಲ್, ಅಂದರೆ ಬಂದವರ ವಿಚಾರಣೆಯ ಕಚೇರಿ. ಅಲ್ಲಿ ಹುಟ್ಟುಹಬ್ಬ, ಮೊದಲ ಭೇಟಿ ಇಂಥದ್ದಕ್ಕೆಲ್ಲ ಬಿಲ್ಲೆ ಕೊಡುತ್ತಾರೆ, ಮಾರ್ಕರ್‌ನಿಂದ ಹೆಸರನ್ನೂ ಬರೆಯುತ್ತಾರೆ. ನಮ್ಮ ಹೆಸರುಗಳು ಅವರಿಗೆ ಹೊಸವು, ಚೀಟಿಯಲ್ಲಿ ಬರೆದು ತೋರಿಸಿ. ಬೆವರು, ಸನ್‌ಸ್ಕ್ರೀನ್ ತಾಗಿದರೆ ಶಾಯಿ ಅಳಿಸುತ್ತದೆ, ಮೇಲೆ ಸೆಲ್ಲೋಟೇಪ್ ಅಂಟಿಸಿಬಿಡಿ. ಇನ್ನೊಂದು ಪಾರ್ಕಾದ ಅನಿಮಲ್ ಕಿಂಗ್‌ಡಮ್‌ನಲ್ಲಿ ವೈಲ್ಡರ್‌ನೆಸ್ ಎಕ್ಸ್‌ಪ್ಲೋರರ್ಸ್ ಎಂಬ ಕಿರುಪುಸ್ತಕ ಕೊಡುತ್ತಾರೆ. ಮಕ್ಕಳು ಅದರ ಚಟುವಟಿಕೆ ಮಾಡುತ್ತ ಹೋದಂತೆ ಸ್ಟಿಕ್ಕರ್ ಬ್ಯಾಡ್ಜ್ ಸಿಗುತ್ತವೆ. ಇಲ್ಲಿನವರ ಒಂದು ರೀತಿ ನನಗೆ ಬಹಳ ಹಿಡಿಸುತ್ತದೆ: ಅಪ್ಪ-ಅಮ್ಮ ಹಿಂದೆ ನಿಲ್ಲುತ್ತಾರೆ, ಕೇಳುವವಳು ಆರು ವರ್ಷದ ಹುಡುಗಿ. ನಮ್ಮಲ್ಲಿ ದೊಡ್ಡವರೇ ಮುಂದೆ ನುಗ್ಗಿ ಕೇಳುತ್ತೇವೆ. ತಾನೇ ಕೇಳಿ ಪಡೆದದ್ದನ್ನು ಮಗು ಕಳೆಯುವುದಿಲ್ಲ.

ಪಾರ್ಕಿನಲ್ಲಿ ಸಿಗುವ ಮಿಕ್ಕಿ, ಗೂಫಿ ವೇಷಧಾರಿಗಳ ಹಸ್ತಾಕ್ಷರಕ್ಕೂ ಕಾಸಿಲ್ಲ. ಪಾರ್ಕಿನ ಆಟೋಗ್ರಾಫ್ ಪುಸ್ತಕದ ಬದಲು ಊರಿನ ಸಾದಾ ನೋಟ್‌ಬುಕ್ ಒಯ್ಯಿರಿ. ಒಂದೊಂದು ಹಾಳೆಯ ತಲೆಗೆ ಚಿಕ್ಕಪ್ಪನ ಮಗ, ಅತ್ತೆಯ ಮಗಳು ಹೀಗೆ ಹೆಸರು ಬರೆದಿಟ್ಟರೆ ಹರಿದು ಹಂಚಬಹುದು. ಪೆನ್ನು ದಪ್ಪಗಿರಲಿ, ಗವಸು ತೊಟ್ಟ ಕೈಗೆ ಸಣ್ಣ ಬಾಲ್‌ಪೆನ್ ನಿಲ್ಲುವುದಿಲ್ಲ. ಮಾರ್ಕರ್ ಶಾಯಿ ಹಿಂದಕ್ಕೆ ಇಳಿಯುವುದರಿಂದ ಹಾಳೆಯ ಒಂದೇ ಮಗ್ಗುಲು ಬಳಸಿ.

ಕಾಸು ಕೊಟ್ಟು ಕೊಳ್ಳುವುದರಲ್ಲಿ ನನ್ನ ಮೊದಲ ಆಯ್ಕೆ ಒತ್ತಿದ ಪೆನ್ನಿ. ಪೆನ್ನಿ ಎಂದರೆ ಒಂದು ಸೆಂಟಿನ ನಾಣ್ಯ. ಯಂತ್ರದ ಉರುಳೆಗಳ ನಡುವೆ ಸಿಕ್ಕ ನಾಣ್ಯ ಉದ್ದಕ್ಕೆ ಚಪ್ಪಟೆಯಾಗಿ ಚಿತ್ರ ಹೊತ್ತು ಬೀಳುತ್ತದೆ. ಹಳೆಯ ಯಂತ್ರಕ್ಕೆ ಎರಡು ಕ್ವಾರ್ಟರ್ (25 ಸೆಂಟಿನ ನಾಣ್ಯ) ಮತ್ತು ಒಂದು ಪೆನ್ನಿ, ಅಂದರೆ 51 ಸೆಂಟ್. ಕಾರ್ಡ್ ಉಜ್ಜುವ ಹೊಸದಕ್ಕೆ ಸಾಮಾನ್ಯವಾಗಿ ಒಂದು ಡಾಲರ್, ಪೆನ್ನಿ ಅದರೊಳಗೇ ಇರುತ್ತದೆ. ಹಳೆಯ ಯಂತ್ರವಾದರೆ 1982ಕ್ಕಿಂತ ಹಿಂದಿನ ಪೆನ್ನಿ ಹುಡುಕಿ. ಅದರಲ್ಲಿ ನೂರಕ್ಕೆ 95 ಪಾಲು ತಾಮ್ರ. ಆಮೇಲಿನದು 97.5 ಪಾಲು ಸತು, ಮೇಲೆ ತೆಳ್ಳನೆ ತಾಮ್ರದ ಪದರ. ಒತ್ತಿದಾಗ ಆ ಪದರ ಹರಿದು ಬಿಳಿ ಗೆರೆ ಎದ್ದು ಚಿತ್ರ ಕೆಡುತ್ತದೆ. ಹಿಂದಿನ ರಾತ್ರಿಯೇ ತಾಮ್ರದ ಚೊಂಬು ತಿಕ್ಕುವಂತೆ ಹುಣಸೆಹಣ್ಣು, ಉಪ್ಪು ಹಚ್ಚಿ ತಿಕ್ಕಿ, ತೊಳೆದು ಒರೆಸಿಡಿ, ಕಪ್ಪಾದ ನಾಣ್ಯದ ಕಲೆ ಒತ್ತಿದ ಮೇಲೂ ಹೋಗದು. ಬೀದರದ ಮಕ್ಕಳಿಗೆ ಕೊಡುವುದಾದರೆ ಒಂದು ಮಾತು ಸೇರಿಸಿ: ಬಿದರಿ ಹೂಜಿಯೂ ಸತುವಿಗೆ ಚೂರು ತಾಮ್ರ ಬೆರೆಸಿ ಎರಕ ಹೊಯ್ದದ್ದೇ. ಊರಲ್ಲಿ ರೂಪಾಯಿ ನಾಣ್ಯಕ್ಕೆ ಈ ಪ್ರಯೋಗ ಬೇಡ, 2011ರ ನಾಣ್ಯ ಕಾಯ್ದೆಯಡಿ ಅಪರಾಧ. ಅಮೆರಿಕದ ಕಾನೂನು ಮೋಸಕ್ಕೆ ಬಳಸಿದರೆ ಮಾತ್ರ ಹಿಡಿಯುತ್ತದೆ.

ಡಿಸ್ನಿ ಚಿತ್ರಗಳ ಲೋಹದ ಪಿನ್ನುಗಳನ್ನು ಪಾರ್ಕಿನ ಸಿಬ್ಬಂದಿಯೊಡನೆ ಅದಲುಬದಲು ಮಾಡುವ ಪಿನ್ ವಿನಿಮಯಕ್ಕೆ ಇಳಿಯುವವರು ಎಚ್ಚರವಾಗಿರಿ. ಅಂಗಡಿಯಲ್ಲಿ ಒಂದು ಪಿನ್ನಿಗೆ ಹತ್ತು ಡಾಲರ್‌ಗೂ ಮೇಲೆ. ಹೊರಗೆ ಸಗಟಿನಲ್ಲಿ ಅಗ್ಗವಾಗಿ ಮಾರುವುದರಲ್ಲಿ ನಕಲಿ ಬಹಳ. ಅಂಚು ತರಿತರಿಯಾಗಿದ್ದರೆ, ಬಣ್ಣ ಲೋಹದ ಗೆರೆಗಿಂತ ತಗ್ಗಿನಲ್ಲಿ ಕೂತಿದ್ದರೆ ಕೊಳ್ಳಬೇಡಿ.

ಕತ್ತಲಾದ ಮೇಲೆ ಮಿನುಗುವ ಆಟಿಕೆ ಹೊತ್ತ ಗಾಡಿಗಳು ಎದುರು ಬರುತ್ತವೆ, ಹಟ ಶುರುವಾಗುವುದೇ ಆಗ. ಊರ ಜಾತ್ರೆಯಲ್ಲಿ ಗಿರಗಿಟ್ಲೆಗೆ ಅಳುವ ಹಾಗೆಯೇ. ಹೊಳೆಯುವ ಕಡ್ಡಿಗಳನ್ನು ಡಾಲರ್ ಅಂಗಡಿಯಲ್ಲಿ ಮೊದಲೇ ಕೊಂಡು ಚೀಲದಲ್ಲಿಡಿ, ಗಾಡಿ ಕಾಣುವ ಮೊದಲೇ ಕೈಗೆ ಕೊಡಿ. ಹೊರಡುವಾಗ ಕಾಗದದ ನಕ್ಷೆ ನಾಲ್ಕೈದು ಎತ್ತಿಕೊಳ್ಳಿ. ಒಂದರಲ್ಲಿ ನಡೆದ ದಾರಿ ಗುರುತಿಸಿ ಇಟ್ಟುಕೊಳ್ಳಿ, ಉಳಿದವು ಊರಿನ ಉಡುಗೊರೆ ಸುತ್ತಲು ಆಗುತ್ತವೆ.