ಬೆಲೆ ಇಲ್ಲದ ಕಾರ್ಡಿಗೆ ಬೆಲೆ ಬಂದಾಗ

ನಾನು ಆಟದ ಕಾರ್ಡ್ ಕೂಡಿಡುತ್ತೇನೆ ಎಂದರೆ ಎಲ್ಲರೂ ಮೊದಲು ಕೇಳುವುದು, "ನಿಮ್ಮ ಹತ್ರ ಇರೋದರಲ್ಲಿ ಎಲ್ಲಕ್ಕಿಂತ ದುಬಾರಿ ಯಾವುದು?" ಎಂದು. ನಾನು ಕೂಡಿಡುವುದು ಕಾಮನ್ ಕಾರ್ಡುಗಳನ್ನು, ಅಂದರೆ ಸುಲಭವಾಗಿ ಸಿಗುವ ಮಾಮೂಲಿ ಕಾರ್ಡುಗಳನ್ನು ಮಾತ್ರ. ಹಾಗಂತ ಹೇಳಿದರೆ ಸಾಕು, ಕೇಳಿದವರ ಮುಖದಲ್ಲಿ 'ಅಯ್ಯೋ ಪಾಪ' ಕಾಣಿಸುತ್ತದೆ. ಕೆಲವರು ಬೆನ್ನು ತಟ್ಟಿ, "ಪರವಾಗಿಲ್ಲ ಬಿಡಿ, ಮುಂದೆ ಒಳ್ಳೇದು ಸಿಗುತ್ತೆ" ಎಂದು ಸಮಾಧಾನವನ್ನೂ ಮಾಡುತ್ತಾರೆ.

ಆಟದ ಹೆಸರು ಮ್ಯಾಜಿಕ್ ದ ಗ್ಯಾದರಿಂಗ್. ರಿಚರ್ಡ್ ಗಾರ್ಫೀಲ್ಡ್ ರೂಪಿಸಿದ್ದು, 1993ರಲ್ಲಿ ಹೊರಬಂದಿದ್ದು. ಬಹಳ ಕಾಲ ಇದರ ಒಂದು ಬೂಸ್ಟರ್ ಪ್ಯಾಕಿನಲ್ಲಿ, ಅಂದರೆ ಮುಚ್ಚಿದ ಪೊಟ್ಟಣದಲ್ಲಿ, 15 ಕಾರ್ಡು ಬರುತ್ತಿದ್ದವು. 11 ಕಾಮನ್, 3 ಅನ್‌ಕಾಮನ್, 1 ರೇರ್ ಅಂದರೆ ಅಪರೂಪದ್ದು. ಪ್ಯಾಕ್ ಒಡೆಯುವವರನ್ನು ನೀವು ಒಮ್ಮೆ ನೋಡಬೇಕು. ಆ ಒಂದು ರೇರ್ ಕೈಗೆ ಬಂದ ಕೂಡಲೇ ಉಸಿರು ಬಿಗಿಹಿಡಿದು ಪ್ಲಾಸ್ಟಿಕ್ ಸ್ಲೀವಿಗೆ ಇಳಿಸುತ್ತಾರೆ. ಆ ಹನ್ನೊಂದು ಕಾಮನ್ ಮೇಜಿನ ಮೇಲೆ ಅನಾಥವಾಗಿ ಬಿದ್ದಿರುತ್ತವೆ. ಅಷ್ಟು ಹೊತ್ತಿಗೆ ನಾನು ಪಕ್ಕದಲ್ಲೇ ನಿಂತಿರುತ್ತೇನೆ. "ಇವು ಬೇಡ್ವಾ?" ಎಂದು ಕೇಳಿದರೆ, "ಎತ್ಕೊಂಡು ಹೋಗಿ ಮಾರಾಯ್ರೆ, ಜಾಗ ಖಾಲಿಯಾಗುತ್ತೆ" ಎನ್ನುತ್ತಾರೆ. ನನ್ನ ಸಂಗ್ರಹ ಬೆಳೆದದ್ದೇ ಹೀಗೆ.

ಈ ಕಾರ್ಡುಗಳಿಗೆ ಬೆಲೆ ಇಲ್ಲ ಎಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತು. ಹಾಗಾಗಿ ಅವರು ಅವನ್ನು ಧಾರಾಳವಾಗಿ ಬಳಸುತ್ತಾರೆ. ಕಾರ್ಡಿನ ಅಳತೆ 63 ಮಿ.ಮೀ. ಅಗಲ, 88 ಮಿ.ಮೀ. ಉದ್ದ. ಮನೆಗೆಲಸಕ್ಕೆ ಇದಕ್ಕಿಂತ ಅನುಕೂಲದ ಅಳತೆ ಇಲ್ಲ ಎಂದು ಅಪ್ಪನ ಅಭಿಪ್ರಾಯ. ಅಲುಗಾಡುವ ಮೇಜಿನ ಕಾಲಿಗೆ ಅವರು ನಾಲ್ಕು 'ಮೌಂಟನ್' ಕೊಟ್ಟಿದ್ದರು. ಬೆಟ್ಟದ ಚಿತ್ರದ ಆ ಕಾರ್ಡುಗಳು ಕಾಮನ್‌ಗಿಂತಲೂ ಅಗ್ಗ, ನಾನೂ ಸುಮ್ಮನಿದ್ದೆ. ತಂಗಿ ಓದುವ ಪುಸ್ತಕಗಳಲ್ಲೆಲ್ಲ ಗುರುತಿಗೆ ಒಂದೊಂದು ಕಾರ್ಡು. 'ಲ್ಯಾನೋವಾರ್ ಎಲ್ವ್ಸ್' ಎಂಬುದೊಂದಿದೆ. ಆಟದ ಮೊದಲ ವರ್ಷದಿಂದಲೂ ಹಸಿರು ಮಾನಾ, ಅಂದರೆ ಆಟದಲ್ಲಿ ಕಾರ್ಡು ಹಾಕಲು ತೆರಬೇಕಾದ ಶಕ್ತಿ, ಕೊಡುತ್ತಾ ಬಂದಿದೆ. ನಮ್ಮ ಮನೆಯಲ್ಲಿ ಅದು ಪ್ಲಂಬರ್ ಫೋನ್ ನಂಬರ್ ಕೊಡುತ್ತದೆ, ಬಾಲ್ ಪೆನ್ನಿನಲ್ಲಿ ಒತ್ತಿ ಬರೆದದ್ದು.

ಒಂದು ಮಧ್ಯಾಹ್ನ ನೆಲದ ಮೇಲೆ ಹರಡಿಕೊಂಡು ವಿಂಗಡಿಸುತ್ತಿದ್ದೆ. ಬಿಳಿ, ನೀಲಿ, ಕಪ್ಪು, ಕೆಂಪು, ಹಸಿರು. ಪ್ರತಿ ಬಣ್ಣದಲ್ಲೂ ಮತ್ತೆ ಅಕ್ಷರದ ಸಾಲು. ಹಸಿರಿನ ಕೊನೇ ಅಕ್ಷರಕ್ಕೆ ಬಂದಿದ್ದೆ ಅಷ್ಟೇ. "ಏನು ಸೆಕೆಯಪ್ಪಾ!" ಎನ್ನುತ್ತಾ ಒಳಗೆ ಬಂದ ತಂಗಿ ಫ್ಯಾನ್ ಹಾಕಿದಳು. ಅದೂ ಐದರಲ್ಲಿ. ಆಮೇಲೆ ಕೆಲವು ದಿನ ಸೋಫಾ ಸರಿಸಿದರೂ ಕಾರ್ಡು, ಚಪ್ಪಲಿ ಜಾಡಿಸಿದರೂ ಕಾರ್ಡು.

ಇಷ್ಟೆಲ್ಲ ಯಾಕೆ ಅಂತ ಕೇಳಬಹುದು. 'ಲೈಟ್ನಿಂಗ್ ಬೋಲ್ಟ್' ಅನ್ನೇ ನೋಡಿ. ಒಂದೇ ಒಂದು ಕೆಂಪು ಮಾನಾ, ಎದುರಾಳಿಗೆ ಮೂರು ಪೆಟ್ಟು. 1993ರ ಮೊದಲ ಸೆಟ್‌ನಲ್ಲೇ, ಅಂದರೆ ಒಟ್ಟಿಗೆ ಹೊರಬಂದ ಕಾರ್ಡುಗಳ ಮೊದಲ ಕಂತಿನಲ್ಲೇ, ಬಂದ ಕಾಮನ್ ಇದು. ಮಿರಮಿರ ಮಿನುಗುವ ಎಷ್ಟೋ ರೇರ್‌ಗಳು ಇಷ್ಟು ಅಗ್ಗವಾಗಿ ಇಷ್ಟು ಕೆಲಸ ಮಾಡುವುದಿಲ್ಲ. ಬರೀ ಕಾಮನ್‌ಗಳಲ್ಲೇ ಆಡುವ 'ಪಾಪರ್' ಎಂಬ ಬಗೆಗೆ 2019ರಲ್ಲಿ ಆನ್‌ಲೈನ್ ಆಟದಲ್ಲಷ್ಟೇ ಅಲ್ಲದೆ ಮೇಜಿನಾಟದಲ್ಲೂ ಅಧಿಕೃತ ಮಾನ್ಯತೆ ಸಿಕ್ಕಿತು. ಆವತ್ತು ನನಗೇ ಬಡ್ತಿ ಸಿಕ್ಕಷ್ಟು ಖುಷಿ.

ಆದರೆ ಕಾಮನ್‌ಗೆ ಬೆಲೆ ಹುಟ್ಟುವ ರೀತಿಯೇ ವಿಚಿತ್ರ. 1994ರ 'ಫಾಲನ್ ಎಂಪೈರ್ಸ್' ಸೆಟ್‌ನಲ್ಲಿ 'ಹಿಮ್ ಟು ಟೂರಾಕ್' ಎಂಬ ಕಾಮನ್ ಇದೆ. ಕಾರ್ಡು ಒಂದೇ, ಚಿತ್ರ ಮಾತ್ರ ನಾಲ್ಕು ಬಗೆ. ನನ್ನ ಹತ್ತಿರ ಮೂರು ಇದ್ದವು. ನಾಲ್ಕನೆಯದು ಒಬ್ಬ ಹುಡುಗನ ಡಬ್ಬಿಯ ತಳದಲ್ಲಿ ರಬ್ಬರ್ ಬ್ಯಾಂಡಿಗೆ ಸಿಕ್ಕಿ ಸೊಟ್ಟಗಾಗಿ ಕೂತಿತ್ತು. "ಓಹ್, ಇದು ನನ್ನ ಹತ್ರ ಇಲ್ಲ" ಎಂದೆ. ಹುಡುಗ ಕಾರ್ಡನ್ನು ನಿಧಾನವಾಗಿ ಕೈಗೆ ತೆಗೆದುಕೊಂಡ, ಅಂಗಿಗೆ ಒರೆಸಿದ, ಬೆಳಕಿಗೆ ಹಿಡಿದು ನೋಡಿದ. "ಅಂಕಲ್, ಇದು ಹಳೇದು ಅಲ್ವಾ?" ಎಂದ. ಕೊನೆಗೆ ಅವನು ಆರಿಸಿಕೊಂಡ ಒಂದು ಮುಷ್ಟಿ ಕಾರ್ಡು ಕೊಟ್ಟು ಅದನ್ನು ತಂದೆ. ಹೋಗುವಾಗ ಅವನು "ಬೇರೆ ಏನು ಬೇಕು ಅಂತ ಪಟ್ಟಿ ಕೊಟ್ಟುಬಿಡಿ" ಎಂದದ್ದು ಮಾತ್ರ ಜಾಸ್ತಿ ಆಯಿತು.

ಇಷ್ಟಾದರೂ ಮನೆಯಲ್ಲಿ ಶಾಂತಿ ಇತ್ತು. ಅದನ್ನು ಕೆಡಿಸಿದ್ದು 'ರಿಸ್ಟಿಕ್ ಸ್ಟಡಿ' ಎಂಬ ನೀಲಿ ಕಾರ್ಡು. 2000ರ 'ಪ್ರೊಫೆಸಿ' ಸೆಟ್‌ನದು, ಕಾಮನ್. ಎದುರಾಳಿ ಮಂತ್ರ ಹಾಕಿದಾಗಲೆಲ್ಲ ಒಂದು ಮಾನಾ ಹೆಚ್ಚಿಗೆ ಕಟ್ಟಬೇಕು, ಇಲ್ಲದಿದ್ದರೆ ನೀವೊಂದು ಕಾರ್ಡ್ ಎಳೆಯಬಹುದು. ಇಬ್ಬರ ಆಟದಲ್ಲಿ ಇದೇನು ಮಹಾ ಎಂದು ಆಗ ಬಹಳ ಜನ ಮೂಲೆಗೆ ಹಾಕಿದರು. ಆಮೇಲೆ ನಾಲ್ಕು ಜನ ಕೂತು ಆಡುವ 'ಕಮಾಂಡರ್' ಜನಪ್ರಿಯವಾಯಿತು. ಅಲ್ಲಿ ಎದುರಾಳಿಗಳು ಮೂವರು. ಈ ಕಾರ್ಡು ಇಟ್ಟವನು "ಒಂದು ಕಟ್ತೀಯಾ? ಒಂದು ಕಟ್ತೀಯಾ?" ಎಂದು ಸಾಲಗಾರರ ಮನೆ ಸುತ್ತುವವನಂತೆ ಎಲ್ಲರನ್ನೂ ಕೇಳುತ್ತಲೇ ಇರುತ್ತಾನೆ. ಜನಕ್ಕೆ ಸಿಟ್ಟು, ಕಾರ್ಡಿಗೆ ಬೆಲೆ. ಎರಡೂ ಒಟ್ಟಿಗೇ ಏರಿದವು.

ಆ ಕಾರ್ಡು ನಮ್ಮ ಮನೆಯಲ್ಲಿ ತಂಗಿಯ ಅಡುಗೆ ಪುಸ್ತಕದೊಳಗೆ ಸಿಕ್ಕಿತು. ಬೆಲೆ ಎಷ್ಟೆಂದು ಗೆಳೆಯನೊಬ್ಬ ಎಲ್ಲರ ಮುಂದೆಯೇ ಹೇಳಿಬಿಟ್ಟ. ತಂಗಿ ಪುಸ್ತಕವನ್ನು ಎದೆಗೆ ಒತ್ತಿಕೊಂಡು, "ಹಾಗಾದ್ರೆ ಇದು ನಂದು" ಎಂದಳು. ಆ ಕಾರ್ಡಿಗೆ ಸ್ಲೀವ್ ಬಂತು, ಅದರ ಮೇಲೊಂದು ಗಟ್ಟಿ ಪ್ಲಾಸ್ಟಿಕ್ ಕವಚ ಬಂತು, ಬೀರುವಿನೊಳಗೆ ಜಾಗ ಬಂತು. ಅದರಲ್ಲಿ ಆಡುವ ಹಾಗಿಲ್ಲ. ಮುಟ್ಟುವುದಕ್ಕೆ ತಂಗಿಯ ಅಪ್ಪಣೆ ಬೇಕು. ಬೆಲೆ ಬಂದ ಮೇಲೆ ಕಾರ್ಡು ಕಾರ್ಡಾಗಿ ಉಳಿಯುವುದಿಲ್ಲ, ಒಡವೆಯಾಗುತ್ತದೆ. ನನಗಂತೂ ಅದು ಕಿರಿಕಿರಿ.

ಈಗ ಅಪ್ಪ ಭೂತಕನ್ನಡಿ ಹಿಡಿದು ಡಬ್ಬಿಗಳ ತಪಾಸಣೆಗೆ ಕೂತಿದ್ದಾರೆ. ಹಳೇದು ಕಂಡರೆ ಪಕ್ಕಕ್ಕೆ, ಹೆಸರು ಓದಲಾಗದಿದ್ದರೆ ಇನ್ನೂ ಪಕ್ಕಕ್ಕೆ. ನಿನ್ನೆ ಮೇಜಿನ ಕಾಲಡಿಯ ಮೌಂಟನ್‌ಗಳನ್ನೂ ಹೊರಕ್ಕೆಳೆದರು.

"ಅದಕ್ಕೇನೂ ಬರಲ್ಲ ಅಪ್ಪ."

"ಆ ನೀಲಿ ಕಾರ್ಡಿಗೂ ನೀನು ಹೀಗೇ ಹೇಳ್ತಿದ್ದೆ" ಎಂದು ನಾಲ್ಕನ್ನೂ ಒರೆಸಿ ಸ್ಲೀವಿಗೆ ಹಾಕಿದರು. ಮೇಜು ಮತ್ತೆ ಅಲುಗಾಡುತ್ತಿದೆ. ಅದರಡಿಗೆ ಇಡಲು ಬೆಲೆ ಇಲ್ಲದ್ದು ಏನಾದರೂ ಕೊಡು ಎಂದು ಬೆಳಗ್ಗೆಯಿಂದ ನನ್ನ ಹಿಂದೆ ಬಿದ್ದಿದ್ದಾರೆ.